ಎಕ್ಸ್‌ರೇ ಡಾಕ್ಟರರನ್ನು ಯಾರೂ ಕೇಳಲಿಲ್ಲ

ಎಪ್ಪತ್ತರ ದಶಕ ಮುಗಿಯುತ್ತಾ ಬಂದಿತ್ತು. ನಮ್ಮ ಮದುವೆಯಾಗಿ ಒಂದು ವರ್ಷ ಕಳೆದಿತ್ತು. ಒಂದು ದಿನ ತರಗತಿಯಲ್ಲಿ ಬೋರ್ಡಿನ ಮೇಲೆ ಬರೆಯುತ್ತಿದ್ದವಳಿಗೆ ಸೊಂಟದ ಬಲಬದಿಯಿಂದ ನೋವು ಎದ್ದು ಹೊಟ್ಟೆಯ ಅಡಿಗೆ ಇಳಿಯಿತು. ಸೀಮೆಸುಣ್ಣ ಕೈಯಲ್ಲಿ ಹಿಡಿದುಕೊಂಡೇ ನೆಲದ ಮೇಲೆ ಕೂತುಬಿಟ್ಟೆ. ನಾನಾಗ ಹುಡುಗಿಯರ ಹೈಸ್ಕೂಲಿನಲ್ಲಿ ಸಮಾಜ ಪಾಠ ಮಾಡುತ್ತಿದ್ದೆ. ಮಕ್ಕಳೇ ಓಡಿಹೋಗಿ ಹೆಡ್‌ಮಿಸ್ಟ್ರೆಸ್ಸರನ್ನು ಕರೆತಂದರು.

ನಮ್ಮ ಮನೆ ಕಾವೂರಿನಲ್ಲಿತ್ತು. ಗಂಡನ ಮನೆಯವರಿಗೆ ವಾಮಂಜೂರಿನ ಕಡೆ ಗದ್ದೆಗಳಿದ್ದವು, ಭೂಮಸೂದೆಯಲ್ಲಿ ಹೆಚ್ಚಿನದೆಲ್ಲ ಒಕ್ಕಲುಗಳ ಪಾಲಾಯಿತು. ಉಳಿದದ್ದನ್ನು ಮಾರಿ ನನ್ನ ಗಂಡ ಕೂಳೂರು ಸೇತುವೆಯ ಹತ್ತಿರ ಒಂದು ಹೋಟೆಲು ಹಾಕಿದ್ದರು. ಹೊಸ ಬಂದರಿಗೆ ಹೋಗುವ ಲಾರಿಗಳು ಅಲ್ಲಿ ನಿಲ್ಲುತ್ತಿದ್ದವು, ವ್ಯಾಪಾರ ಚೆನ್ನಾಗಿತ್ತು. ಮನೆಯಲ್ಲಿ ಅವರು, ನಾನು, ಅವರ ತಾಯಿ, ಮೂರೇ ಜನ. ಅತ್ತೆಯನ್ನು ನಾನು ತುಳುವಿನ ಪದ್ಧತಿಯಂತೆ ಮಾಮಿ ಎಂದು ಕರೆಯುತ್ತಿದ್ದೆ. ಅವರು ಶಾಲೆಗೆ ಹೋದವರಲ್ಲ. ಆದರೆ ನಾನು ಶಾಲೆಯಲ್ಲಿ ಎಂತ ಪಾಠ ಮಾಡಿದೆ ಎಂದು ಪ್ರತಿದಿನ ಸಂಜೆ ಕೇಳುವರು. ಚಕ್ರವರ್ತಿಗಳ ಕತೆಗಳೆಂದರೆ ಅವರಿಗೆ ಬಹಳ ಇಷ್ಟ.

ನೋವು ಕಿಡ್ನಿಯ ಕಲ್ಲಿನದ್ದಿರಬೇಕು ಎಂದರು ಡಾಕ್ಟರು. ಮಾಮಿ ಬಾಳೆದಿಂಡಿನ ರಸ ಕುಡಿಸಿದರು, ಬಾರ್ಲಿ ನೀರು ಕುಡಿಸಿದರು. ನೋವು ಹೋಗುವುದು, ಬರುವುದು. ಕೊನೆಗೆ ಡಾಕ್ಟರು, ಇದನ್ನು ಚಿತ್ರ ತೆಗೆದು ನೋಡದೆ ಹೇಳಲಾಗುವುದಿಲ್ಲ ಎಂದು ದೊಡ್ಡ ಆಸ್ಪತ್ರೆಗೆ ಚೀಟಿ ಬರೆದುಕೊಟ್ಟರು.

ಆ ಪರೀಕ್ಷೆಗೆ ನನ್ನನ್ನು ಕರೆದುಕೊಂಡು ಹೋದದ್ದು ಪಕ್ಕದ ಮನೆಯ ಬಾಯಮ್ಮ. ಕೊಂಕಣಿ ಮಾತಾಡುವ ಕ್ರಿಶ್ಚಿಯನರು, ಅದೇ ಆಸ್ಪತ್ರೆಯಲ್ಲಿ ನರ್ಸು. ನನಗಿಂತ ಐದಾರು ವರ್ಷಕ್ಕೆ ಹಿರಿಯರು. ಹಿಂದಿನ ದಿನ ಹರಳೆಣ್ಣೆ ಕುಡಿದು ಹೊಟ್ಟೆ ಖಾಲಿ ಮಾಡಿಕೊಳ್ಳಬೇಕೆಂದು ಅವರೇ ಹೇಳಿಕೊಟ್ಟಿದ್ದರು. ಕೋಣೆಯಲ್ಲಿ ಗಟ್ಟಿಯಾದ ತಣ್ಣನೆಯ ಮೇಜಿನ ಮೇಲೆ ಮಲಗಿಸಿ ತೋಳಿಗೆ ಒಂದು ಮದ್ದು ಚುಚ್ಚಿದರು. ಮೈಯೆಲ್ಲ ಬಿಸಿಯೇರಿ, ಬಾಯಲ್ಲಿ ತುಕ್ಕು ಹಿಡಿದ ಕಬ್ಬಿಣ ನೆಕ್ಕಿದ ಹಾಗಾಯಿತು. ಆ ಮದ್ದು ಕಿಡ್ನಿಗಳ ಮೂಲಕ ಇಳಿದುಹೋಗುವುದನ್ನು ಸ್ವಲ್ಪ ಸ್ವಲ್ಪ ಹೊತ್ತಿಗೊಂದರಂತೆ ಚಿತ್ರ ತೆಗೆಯುತ್ತಾರೆ ಎಂದು ಬಾಯಮ್ಮ ಹೇಳಿದರು. ಹೊಟ್ಟೆಗೆ ಬಿಗಿಯಾಗಿ ಪಟ್ಟಿ ಕಟ್ಟಿದರು. ಗೋಡೆಯ ಆಚೆಯಿಂದ ಒಂದು ಗಂಡು ಧ್ವನಿ "ಉಸಿರು ಹಿಡಿಯಿರಿ" ಎನ್ನುವುದು, ಮೇಲಿನ ಯಂತ್ರ ಗುಂಯ್ ಎನ್ನುವುದು, "ಬಿಡಿ" ಎನ್ನುವುದು. ಆಮೇಲೆ ಒದ್ದೆ ಫಿಲ್ಮು ಕತ್ತಲೆ ಕೋಣೆಯಿಂದ ಬರುವವರೆಗೆ ಕಾಯುವುದು.

ಆ ಧ್ವನಿಯವರೇ ಎಕ್ಸ್‌ರೇ ಡಾಕ್ಟರು. ಅವರನ್ನು ನಾನು ಸರಿಯಾಗಿ ನೋಡಲೂ ಇಲ್ಲ. ಎದ್ದು ಸೀರೆ ಸರಿಮಾಡಿಕೊಂಡು ಹೊರಗೆ ಬರುವಾಗ, ಎತ್ತರದ ಒಬ್ಬರು ನೀರು ತೊಟ್ಟಿಕ್ಕುವ ಫಿಲ್ಮನ್ನು ಬೆಳಕಿನ ಪೆಟ್ಟಿಗೆಯ ಮೇಲೆ ಎತ್ತಿ ಹಿಡಿದು ನಿಂತಿದ್ದರು, ಬೆನ್ನು ಮಾತ್ರ ಕಂಡಿತು. ಅವರು ನನ್ನೊಡನೆ ಮಾತಾಡಲಿಲ್ಲ. ಅವರು ಬರೆದುಕೊಟ್ಟದ್ದನ್ನು ಓದಿ ನನಗೆ ಹೇಳಬೇಕಾದವರು ನನ್ನ ಡಾಕ್ಟರು. ಆಗ ಕ್ರಮ ಹಾಗಿತ್ತು. ಕಲ್ಲು ಕಾಣುವುದಿಲ್ಲ, ಮೂತ್ರದೊಟ್ಟಿಗೆ ಹೋಗಿರಬೇಕು, ಇನ್ನು ಹೆದರುವುದು ಬೇಡ ಎಂದು ನನ್ನ ಡಾಕ್ಟರು ಹೇಳಿದಾಗ ನಾವು ಸಂತೋಷಪಟ್ಟೆವು.

ಆ ದಿನ ಆಸ್ಪತ್ರೆಯಲ್ಲಿ ಯಾರೂ ನನ್ನ ಮುಟ್ಟಿನ ವಿಷಯ ಕೇಳಲಿಲ್ಲ. ಕೇಳಿದ್ದರೂ ನನಗೆ ಹೇಳಲಾಗುತ್ತಿತ್ತೋ ಇಲ್ಲವೋ. ನನ್ನದು ಮೊದಲಿನಿಂದಲೂ ಲೆಕ್ಕ ತಪ್ಪಿದ ಮುಟ್ಟು. ಒಂದು ತಿಂಗಳು ಬರದಿದ್ದರೆ ನೋವಿಗೇ ಹಾಗಾಯಿತೆಂದು ಸುಮ್ಮನಿದ್ದೆ. ಇನ್ನೊಂದು ತಿಂಗಳು ಕಳೆಯುವಷ್ಟರಲ್ಲಿ ಒಗ್ಗರಣೆಯ ವಾಸನೆಗೆ ಹೊಟ್ಟೆ ತೊಳಸಲು ಶುರುವಾಯಿತು. ಮಾಮಿ ಒಂದೇ ನೋಟಕ್ಕೆ ತಿಳಿದುಕೊಂಡರು. ತಮ್ಮ ಖುಷಿಯನ್ನು ಬಚ್ಚಿಟ್ಟುಕೊಳ್ಳಲು ಅವರಿಗೆ ಬರುತ್ತಿರಲಿಲ್ಲ, ಆ ಸಂಜೆಯೇ ಬಾಯಮ್ಮನ ಮನೆಗೆ ಪಾಯಸ ಹೋಯಿತು.

ಹೆಂಗಸರ ಡಾಕ್ಟರು ಪರೀಕ್ಷೆ ಮಾಡಿ, ಹೌದು, ಸುಮಾರು ಎಂಟು ವಾರ ಎಂದರು. ಆಮೇಲೆ ಹಿಂದಿನ ಕಾಯಿಲೆಗಳನ್ನು ಕೇಳಿದರು. ನಾನು ಕಲ್ಲಿನ ನೋವಿನ ವಿಷಯ, ಎಕ್ಸ್‌ರೇ ವಿಷಯ ಹೇಳಿದೆ. ಅವರ ಪೆನ್ನು ನಿಂತಿತು. ಚಿತ್ರ ತೆಗೆದ ದಿನ ಯಾವುದು ಎಂದು ಎರಡು ಸಲ ಕೇಳಿ, ಬೆರಳಲ್ಲಿ ಎಣಿಸಿ, ಆಗಲೇ ಗರ್ಭ ನಿಂತಿತ್ತು ಎಂದು ಹೇಳಿ ನನ್ನ ಗಂಡನನ್ನೂ ಒಳಗೆ ಕರೆಸಿದರು. ಒಳ್ಳೆಯ ಹೆಂಗಸು, ಮೃದುವಾಗಿಯೇ ಹೇಳಿದರು. ಮಗುವಿನ ಅಂಗಾಂಗ ಮೂಡುವ ಹೊತ್ತಿನಲ್ಲಿ ಕಿರಣ ನೇರ ಹೊಟ್ಟೆಗೇ ಬಿದ್ದಿದೆ. ಒಂದಲ್ಲ, ಹಲವು ಸಲ. ಮಗು ಸರಿಯಾಗಿ ಹುಟ್ಟುತ್ತದೆ ಎಂದು ತಾನು ಹೇಳಲಾರೆ. ಈಗ ಕಾನೂನಿನಲ್ಲಿ ತೆಗೆಸಲು ಅವಕಾಶ ಉಂಟು, ತಡ ಮಾಡದಿದ್ದರೆ ಸುಲಭ.

"ನಿಮಗೆ ಇನ್ನೂ ವಯಸ್ಸುಂಟು. ಮತ್ತೆ ಆಗ್ತದೆ," ಎಂದರು.

ನನ್ನ ತಲೆಯೊಳಗೆ ಒಂದು ಚಿತ್ರ ಬಂದು ಕೂತಿತ್ತು. ಎರಡನೆಯ ಮಹಾಯುದ್ಧದ ಪಾಠಕ್ಕೆಂದು ಒಂದು ವಾರಪತ್ರಿಕೆಯಿಂದ ನಾನೇ ಕತ್ತರಿಸಿ ರಟ್ಟಿಗೆ ಅಂಟಿಸಿದ್ದ ಚಿತ್ರ, ಅಣುಬಾಂಬು ಬಿದ್ದ ಊರಿನದು. ಗರ್ಭದಲ್ಲಿದ್ದ ಮಕ್ಕಳು ಹೇಗೆ ಹುಟ್ಟಿದವು ಎಂದು ಅದರ ಕೆಳಗೆ ಬರೆದಿತ್ತು. ಅದನ್ನು ತರಗತಿಯಲ್ಲಿ ಬೆಂಚಿನಿಂದ ಬೆಂಚಿಗೆ ದಾಟಿಸಿ ತೋರಿಸಿದವಳು ನಾನು. ಕಿರಣ ಎಂಬ ಶಬ್ದ ಕೇಳಿದ ಕೂಡಲೇ ನನಗೆ ಆಸ್ಪತ್ರೆಯ ಮೇಜು ಕಾಣಲಿಲ್ಲ, ಆ ಊರು ಕಂಡಿತು.

ಮನೆಗೆ ಬಂದು ಮಾಮಿಗೆ ಹೇಳುವ ಕೆಲಸ ನನ್ನದಾಯಿತು. ಅವರಿಗೆ ಅರ್ಥವೇ ಆಗಲಿಲ್ಲ. ಹೊರಗಿನಿಂದ ಚಿತ್ರ ತೆಗೆದರೆ ಒಳಗಿರುವ ಮಗುವಿಗೆ ಎಂತ ಆಗ್ತದೆ ಎಂದು ಕೇಳಿದರು. ಫೋಟೋ ತೆಗೆಸಿಕೊಂಡರೆ ಆಯುಷ್ಯ ಕಡಿಮೆಯಾಗ್ತದೆಂದು ತಮ್ಮ ಕಾಲದಲ್ಲಿ ಹೇಳುತ್ತಿದ್ದರು, ಎಲ್ಲರೂ ತೆಗೆಸಿಕೊಂಡರು, ಎಂತ ಆಯಿತು ಎಂದರು. ನಾನು ಟೀಚರಲ್ಲವೇ, ಬಿಡಿಸಿ ಹೇಳಿದೆ. ಈ ಬೆಳಕು ಬೇರೆ, ಇದು ಮಾಂಸವನ್ನು ದಾಟಿ ಹೋಗುತ್ತದೆ, ಬಾಂಬಿನೊಳಗೆ ಇರುವಂಥದ್ದೇ ಇದು ಎಂದೆಲ್ಲ. ಕೊನೆಗೆ ಅವರು ಹೇಳಿದ್ದು ಒಂದೇ ಮಾತು.

"ಹೇಗೆ ಹುಟ್ಟಿದರೂ ನಾನು ನೋಡಿಕೊಳ್ತೇನೆ ಮಗಾ. ನನಗೆ ಬೇರೆ ಎಂತ ಕೆಲಸ ಉಂಟು?"

ನನಗೆ ಅಳು ಬಂತು, ಸಿಟ್ಟೂ ಬಂತು. ನೀವು ಎಷ್ಟು ಕಾಲ ನೋಡಿಕೊಳ್ಳುತ್ತೀರಿ ಮಾಮಿ ಎಂದುಬಿಟ್ಟೆ. ಆಮೇಲೆ ಅವರು ಆ ವಿಷಯ ಎತ್ತಲಿಲ್ಲ.

ಬಾಯಮ್ಮನಿಗೆ ತೆಗೆಸುವುದು ಇಷ್ಟವಿಲ್ಲದ ಮಾತು. ಅವರ ಧರ್ಮದಲ್ಲಿ ಒಪ್ಪುವುದಿಲ್ಲ. ಆದರೆ ಧರ್ಮದ ಮಾತನ್ನು ಅವರು ನನ್ನ ಹತ್ತಿರ ತೆಗೆಯಲೇ ಇಲ್ಲ. ತೆಂಗಿನಕಟ್ಟೆಯ ಹತ್ತಿರ ನಿಂತುಕೊಂಡು, ನೀವು ಆ ಎಕ್ಸ್‌ರೇ ಡಾಕ್ಟರರನ್ನು ಯಾಕೆ ಒಮ್ಮೆ ಕೇಳಬಾರದು ಎಂದರು. ದಿನವಿಡೀ ಆ ಕಿರಣದೊಟ್ಟಿಗೆ ಇರುವವರು ಅವರು, ಎಷ್ಟು ಬಿದ್ದಿದೆ, ಅಷ್ಟು ಬಿದ್ದರೆ ಎಂತ ಆಗ್ತದೆ ಎಂದು ಹೇಳಬಹುದಾದವರು ಅವರೇ ಅಲ್ಲವೇ ಎಂದರು. ನನಗೆ ಅದು ವಿಚಿತ್ರವಾಗಿ ಕೇಳಿಸಿತು. ಎಕ್ಸ್‌ರೇ ಡಾಕ್ಟರೆಂದರೆ ನನ್ನ ಲೆಕ್ಕದಲ್ಲಿ ಫೋಟೋ ಸ್ಟುಡಿಯೋದವರ ಹಾಗೆ, ಚಿತ್ರ ತೆಗೆಯುವವರು. ಗರ್ಭದ ವಿಷಯ ಅವರಿಗೆಂತ ಗೊತ್ತು? ಬಾಯಮ್ಮ ಇದನ್ನೇ ನನ್ನ ಗಂಡನಿಗೂ ಹೇಳಿದ್ದರು. ಅದು ನನಗೆ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ.

ಆ ವಾರವೇ ಆಸ್ಪತ್ರೆಗೆ ಸೇರಿದೆ. ಮತ್ತಿನ ಮದ್ದು ಕೊಟ್ಟಿದ್ದರಿಂದ ನೋವು ತಿಳಿಯಲಿಲ್ಲ. ಸಂಜೆ ಮನೆಗೆ ಕಳಿಸಿದರು. ಮಾಮಿ ನನ್ನನ್ನು ಏನೂ ಕೇಳದೆ ಹಂಡೆಯಲ್ಲಿ ನೀರು ಕಾಯಿಸಿದ್ದರು. ಮರುದಿನ ಎಣ್ಣೆ ಹಚ್ಚಿ ಮೀಯಿಸಿದರು, ಕಷಾಯ ಕುಡಿಸಿದರು, ಹೆತ್ತ ಹೆಂಗಸಿಗೆ ಕೊಡುವ ಮದ್ದನ್ನೇ ಬೆಲ್ಲ ಹಾಕಿ ಮಗುಚಿ ಮಾಡಿಕೊಟ್ಟರು. ಕೂತು ತಿಂದೆ.

ಮತ್ತೆ ಆಗ್ತದೆ ಎಂದಿದ್ದರು. ಆಗಲಿಲ್ಲ. ವರ್ಷಗಳು ಹೋದವು. ಶಾಲೆಯಲ್ಲಿ ನಾನು ಮಹಾಯುದ್ಧದ ಪಾಠ ಮಾಡುತ್ತಲೇ ಇದ್ದೆ, ಆದರೆ ಆ ರಟ್ಟನ್ನು ಸ್ಟಾಫ್ ರೂಮಿನ ಕಪಾಟಿನಿಂದ ಮತ್ತೆ ಹೊರಗೆ ತೆಗೆಯಲಿಲ್ಲ. ಬಾಯಮ್ಮನಿಗೆ ಗಲ್ಫಿನಲ್ಲಿ ನರ್ಸಿನ ಕೆಲಸ ಸಿಕ್ಕಿತು, ಮಕ್ಕಳನ್ನು ತಾಯಿಯ ಹತ್ತಿರ ಬಿಟ್ಟು ಹೋದರು. ನನ್ನ ಗಂಡ ಹೋಟೆಲಿನಿಂದ ಬರುವುದು ತಡವಾಗುತ್ತಾ ಹೋಯಿತು. ನಮ್ಮಲ್ಲಿ ಜಗಳವೇನೂ ಇರಲಿಲ್ಲ. ಮಾತಾಡಲು ಒಂದು ವಿಷಯ ಇತ್ತು, ಅದನ್ನು ಇಬ್ಬರೂ ಮಾತಾಡುತ್ತಿರಲಿಲ್ಲ. ಹಾಗಾಗಿ ಬೇರೆ ಮಾತುಗಳೂ ಕಡಿಮೆಯಾದವು.

ನಾನು ಬಿಡಿಸಿ ಹೇಳಿದ ಪಾಠ ನಾಟಿದ್ದು ಮಾಮಿಗೆ. ನೆಂಟರ ಮನೆಯ ಹುಡುಗಿಯರು ಬಸುರಿಯಾದರೆ, ಎಕ್ಸ್‌ರೇ ಇರುವ ಬೀದಿಯಲ್ಲೂ ಹೋಗಬೇಡಿ ಎಂದು ಅವರು ಹೇಳುವುದು ನನ್ನ ಕಿವಿಗೆ ಬೀಳುತ್ತಿತ್ತು. ಒಂದು ಮಳೆಗಾಲದಲ್ಲಿ ಬಚ್ಚಲಿನ ಹತ್ತಿರ ಜಾರಿಬಿದ್ದು ಅವರ ಎಡಗೈ ಮಣಿಕಟ್ಟು ಮುರಿಯಿತು. ಆಸ್ಪತ್ರೆಗೆ ಹೋಗುವ, ಚಿತ್ರ ತೆಗೆದು ಸಿಮೆಂಟು ಹಾಕುತ್ತಾರೆ ಎಂದೆ. ಅವರು ಒಪ್ಪಲಿಲ್ಲ. ನೀನೇ ಅಲ್ಲವೇ ಹೇಳಿದ್ದು ಎಂದರು, ಆಕ್ಷೇಪಣೆಯಿಂದಲ್ಲ, ನಿಜವಾಗಿಯೇ ನೆನಪಿಸುವ ಹಾಗೆ. ವಯಸ್ಸಾದವರಿಗೆ ಕೈಯ ಒಂದು ಚಿತ್ರದಿಂದ ಏನೂ ಆಗುವುದಿಲ್ಲ ಎಂದು ನಾನೂ ಅವರ ಮಗನೂ ಎಷ್ಟು ಹೇಳಿದರೂ ಕೇಳಲಿಲ್ಲ. ನಾಟಿ ವೈದ್ಯರು ಬಿದಿರಿನ ಸೀಳು ಕಟ್ಟಿ ಎಣ್ಣೆ ಹಚ್ಚಿದರು. ಎಲುಬು ಕೂಡಿಕೊಂಡಿತು, ಆದರೆ ಓರೆಯಾಗಿ. ಆಮೇಲೆ ಅವರಿಗೆ ತೆಂಗಿನಕಾಯಿ ಹೆರೆಯಲಾಗಲಿಲ್ಲ.

ಎಂಬತ್ತರ ದಶಕದ ನಡುವೆ, ಯಾರೂ ನಿರೀಕ್ಷಿಸದಿದ್ದಾಗ, ನನಗೆ ಮತ್ತೆ ಗರ್ಭ ನಿಂತಿತು. ಸ್ವಲ್ಪ ರಕ್ತ ಕಂಡಿತು, ನಾವು ಹೆದರಿದೆವು. ಹಿಂದಿನ ಡಾಕ್ಟರು ಊರು ಬಿಟ್ಟಿದ್ದರು, ಈಗಿನವರು ಬೇರೆ. ಅವರು ಸ್ಕ್ಯಾನಿಂಗ್ ಮಾಡಿಸಿ ನೋಡುವ ಎಂದರು. ಅದು ನಮ್ಮ ಊರಿಗೆ ಆಗಷ್ಟೇ ಬಂದಿತ್ತು. ಎಕ್ಸ್‌ರೇ ಅಲ್ಲ, ಶಬ್ದದ ಅಲೆಯಿಂದ ನೋಡುವುದು, ಮಗುವಿಗೆ ಏನೂ ಆಗುವುದಿಲ್ಲ ಎಂದು ನಾನು ಕೇಳುವ ಮೊದಲೇ ಹೇಳಿದರು. ಆದರೂ ನಾನು ಕೇಳಿದೆ.

ಆಸ್ಪತ್ರೆ ಅದೇ. ಎಕ್ಸ್‌ರೇ ವಿಭಾಗದ ಬಾಗಿಲ ಬಳಿ ಈಗ ಒಂದು ಬೋರ್ಡು ಇತ್ತು. ಗರ್ಭಿಣಿಯಾಗಿದ್ದರೆ, ಅನುಮಾನವಿದ್ದರೂ, ಮೊದಲೇ ತಿಳಿಸಬೇಕು ಎಂದು ಕನ್ನಡದಲ್ಲಿ ದೊಡ್ಡ ಅಕ್ಷರದಲ್ಲಿ ಬರೆದಿತ್ತು. ಅಲ್ಲಿ ಕೂತಿದ್ದ ನರ್ಸು ಎಲ್ಲ ಹೆಂಗಸರನ್ನೂ ಮುಟ್ಟಾದ ತಾರೀಕು ಕೇಳುತ್ತಿದ್ದಳು, ಕಾಲು ಉಳುಕಿ ಬಂದ ಕಾಲೇಜು ಹುಡುಗಿಯನ್ನೂ. ಹುಡುಗಿ ನಾಚಿಕೊಂಡು ಮೆಲ್ಲಗೆ ಹೇಳಿದಳು. ನನ್ನ ಗಂಡ ಆ ಬೋರ್ಡನ್ನು ಓದಿ ಹೊರಗಿನ ಕಾರಿಡಾರಿಗೆ ಹೋಗಿ ನಿಂತರು.

ಹೊಟ್ಟೆ ಬಿರಿಯುವಷ್ಟು ನೀರು ಕುಡಿಸಿ ಕಾಯಿಸಿದ ಮೇಲೆ ನನ್ನನ್ನು ಒಳಗೆ ಕರೆದರು. ಚಪ್ಪಲಿ ಹೊರಗೆ ಬಿಟ್ಟು ಹೋಗುವ, ಎಸಿ ಹಾಕಿದ ಸಣ್ಣ ಕೋಣೆ. ಯಂತ್ರದ ಪಕ್ಕ ಸ್ಟೂಲಿನ ಮೇಲೆ ತಲೆ ನರೆತ ಎತ್ತರದ ಡಾಕ್ಟರೊಬ್ಬರು ಕೂತಿದ್ದರು. ಹೊಟ್ಟೆಗೆ ತಣ್ಣನೆಯ ಲೋಳೆಯಂಥದ್ದನ್ನು ಹಚ್ಚಿ, ಕೈಯಲ್ಲಿ ಹಿಡಿದದ್ದನ್ನು ಅದರ ಮೇಲೆ ಆಡಿಸುತ್ತಾ, "ಉಸಿರು ಹಿಡಿಯಿರಿ" ಎಂದರು. ಆ ಧ್ವನಿಯಿಂದಲೇ ನನಗೆ ಗುರುತು ಸಿಕ್ಕಿತು. ಈ ಸಲ ನಡುವೆ ಗೋಡೆ ಇರಲಿಲ್ಲ. ಅವರ ಮೊಣಕಾಲು ನನ್ನ ಮಂಚಕ್ಕೆ ತಾಗುವಷ್ಟು ಹತ್ತಿರ ಕೂತು ಮಾತಾಡುತ್ತಾ ಕೆಲಸ ಮಾಡುತ್ತಿದ್ದರು. ಟಿವಿಯಂಥ ಪರದೆಯನ್ನು ನನ್ನ ಕಡೆ ತಿರುಗಿಸಿ, ಇಲ್ಲಿ ನೋಡಿ ಎಂದರು.

ಬೂದು ಬಣ್ಣದ ಮಂಜಿನಂಥದ್ದರ ನಡುವೆ ಒಂದು ಕಪ್ಪು ಗುಳಿ. ಅದರೊಳಗೆ ಗೇರುಬೀಜದ ಹಾಗೆ ಬಾಗಿದ ಬಿಳಿ ಚುಕ್ಕೆ. ಚುಕ್ಕೆಯ ನಡುವೆ ಏನೋ ಬಿಡದೆ ಮಿಣಮಿಣ ಎನ್ನುತ್ತಿತ್ತು.

ಅದು ಹೃದಯ ಎಂದರು. ಮಗು ಸರಿ ಉಂಟು, ರಕ್ತ ಹೋದದ್ದಕ್ಕೆ ಹೆದರಬೇಡಿ, ವಿಶ್ರಾಂತಿ ತೆಗೆದುಕೊಳ್ಳಿ ಎಂದರು. ನಾನು ಎಷ್ಟು ವಾರ ಎಂದು ಕೇಳಿದೆ.

"ಎಂಟು, ಎಂಟೂವರೆ," ಎಂದರು.

ಆಗ ನನಗೆ ಏನಾಯಿತೆಂದು ಸರಿಯಾಗಿ ಹೇಳಲು ಇವತ್ತಿಗೂ ಬರುವುದಿಲ್ಲ. ಸಂತೋಷವಾಗಬೇಕಿತ್ತು, ಆಯಿತು ಕೂಡ. ಆದರೆ ಎಂಟು ವಾರವೆಂದರೆ ಎಂತ ಎಂದು ನನಗೆ ಅದುವರೆಗೆ ಯಾರೂ ತೋರಿಸಿರಲಿಲ್ಲ. ನನ್ನ ಮನಸ್ಸಿನಲ್ಲಿ ಅದು ಒಂದು ರಕ್ತದ ಮುದ್ದೆ, ಆಗಿನ ಡಾಕ್ಟರರೂ ಹಾಗೆಯೇ ಹೇಳಿದ್ದರು. ಕಣ್ಣಿನಿಂದ ನೀರು ಇಳಿದು ಕಿವಿಯೊಳಗೆ ಹೋಯಿತು. ಖುಷಿಗೆ ಅಳುತ್ತಿದ್ದೇನೆಂದು ತಿಳಿದು ಅವರು ಸ್ವಲ್ಪ ಹೊತ್ತು ಬಿಟ್ಟರು. ಆಮೇಲೂ ನಿಲ್ಲದಿದ್ದಾಗ ಏನಾಯಿತಮ್ಮಾ ಎಂದರು.

ಹೇಳಿದೆ. ಇದೇ ಆಸ್ಪತ್ರೆಯಲ್ಲಿ, ನೀವೇ ತೆಗೆದದ್ದು, ಆಮೇಲೆ ಹೀಗಾಯಿತು ಎಂದು. ಅವರು ನೋವು ಯಾವ ಬದಿ ಇತ್ತು, ಕೈಗೆ ಮದ್ದು ಚುಚ್ಚಿದ್ದರೇ, ಎಷ್ಟು ಹೊತ್ತು ಮೇಜಿನ ಮೇಲೆ ಇದ್ದಿರಿ ಎಂದು ಕೇಳಿಕೊಂಡರು. ಕೈಯಲ್ಲಿದ್ದದ್ದನ್ನು ಅದರ ಜಾಗದಲ್ಲಿ ಇಟ್ಟು, ನನ್ನ ಹೊಟ್ಟೆಯ ಮೇಲಿನ ಲೋಳೆಯನ್ನು ತಾವೇ ಬಟ್ಟೆಯಿಂದ ಒರೆಸಿದರು.

"ಅಷ್ಟು ಕಿರಣಕ್ಕೆ ಇವತ್ತಾದರೆ ನಾನು ತೆಗೆಸಿ ಅಂತ ಹೇಳುವುದಿಲ್ಲ," ಎಂದರು. "ಇಟ್ಟುಕೊಳ್ಳಿ, ಹೆದರಬೇಡಿ ಅಂತಲೇ ಹೇಳ್ತೇನೆ."

"ಆವಾಗ ನಿಮ್ಮನ್ನು ಕೇಳಿದ್ದರೆ?"

ಅವರು ಸುಳ್ಳು ಹೇಳಿ ಸಮಾಧಾನ ಮಾಡಬಹುದಿತ್ತು, ಮಾಡಲಿಲ್ಲ.

"ಆವಾಗ ಕೇಳಿದ್ದರೆ ನಾನೂ ಹೆದರಿಸ್ತಿದ್ದೆನೋ ಏನೋ. ನಮಗೂ ಅಷ್ಟು ಗೊತ್ತಿರಲಿಲ್ಲಮ್ಮ. ಗೊತ್ತಿದ್ದವರಿಗೆ ಬರೆದು ಕೇಳ್ತಿದ್ದೆನೋ ಏನೋ, ಅದೂ ಹೇಳಲಿಕ್ಕೆ ಬರುವುದಿಲ್ಲ. ಯಾರೂ ನನ್ನನ್ನು ಕೇಳಲೇ ಇಲ್ಲ. ಚಿತ್ರ ತೆಗೆದು ಬರೆದು ಕಳಿಸುವುದು, ನಮ್ಮ ಕೆಲಸ ಅಲ್ಲಿಗೆ ಮುಗೀತಿತ್ತು."

ಎದ್ದು ಕೂರಲು ನನಗೆ ಕೈ ಕೊಟ್ಟರು. ಹೊರಗೆ ಇನ್ನೂ ನಾಲ್ಕೈದು ಹೆಂಗಸರು ನೀರು ಕುಡಿದು ಕಾಯುತ್ತಿದ್ದರು.

ಮನೆಗೆ ಹೋಗುವ ಮೊದಲು ಗಂಡನಿಗೆ ಹೇಳಬೇಕೆನಿಸಿತು. ಮಾಮಿಯ ಎದುರು ಹೇಳಲು ಸಾಧ್ಯವಿರಲಿಲ್ಲ. ಆಸ್ಪತ್ರೆಯ ಕ್ಯಾಂಟೀನಿನಲ್ಲಿ ಕೂತು, ಮಗು ಚೆನ್ನಾಗಿದೆ ಎಂದು ಮೊದಲು ಹೇಳಿ, ಅವರ ಮುಖ ಅರಳಿದ್ದನ್ನು ನೋಡಿ, ಉಳಿದದ್ದನ್ನೂ ಹೇಳಿದೆ. ಹೇಳಬಾರದಿತ್ತೇನೋ. ಆದರೆ ಒಬ್ಬಳೇ ಹೊತ್ತುಕೊಂಡು ಇರುವಷ್ಟು ಶಕ್ತಿ ಆ ದಿನ ನನಗಿರಲಿಲ್ಲ. ಅವರು ಟೀ ಗ್ಲಾಸನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಮೇಜನ್ನು ನೋಡುತ್ತಾ ಕೂತರು. ಆಮೇಲೆ, ಬಾಯಮ್ಮ ಆಗ ತನಗೂ ಹೇಳಿದ್ದರು ಎಂದರು. ಎಕ್ಸ್‌ರೇ ಡಾಕ್ಟರರನ್ನು ಕೇಳಬೇಕೆಂದು ತಾನು ಬಂದಿದ್ದೆ ಎಂದರು. ನಾನು ಆಸ್ಪತ್ರೆಗೆ ಸೇರುವ ಹಿಂದಿನ ದಿನ.

"ಬಾಗಿಲ ಮೇಲೆ ಕೆಂಪು ಬಲ್ಬು ಉರೀತಿತ್ತು. ಒಳಗೆ ಹೋಗಬಾರದು ಅಂತ. ನಿಂತೆ. ಎಂತ ಅಂತ ಕೇಳುವುದು, ಹೇಗೆ ಕೇಳುವುದು ಅಂತ ಆಯಿತು ನನಗೆ. ನರ್ಸುಗಳು ನೋಡ್ತಾ ಇದ್ದರು. ಬಲ್ಬು ಆರುವ ಮೊದಲೇ ಬಂದುಬಿಟ್ಟೆ."

ಇಷ್ಟು ವರ್ಷ ಅದನ್ನು ಅವರು ಒಬ್ಬರೇ ಇಟ್ಟುಕೊಂಡಿದ್ದರು. ನನಗೆ ಸಿಟ್ಟು ಬರಬಹುದೆಂದು ಕಾದೆ, ಬರಲಿಲ್ಲ. ಆಗ ಕೇಳಿದ್ದರೆ ತಾನೂ ಹೆದರಿಸುತ್ತಿದ್ದೆನೋ ಏನೋ ಎಂದು ಆ ಡಾಕ್ಟರೇ ಹೇಳಿದ್ದಾರಲ್ಲ ಎಂದೆ. ಅವರು ತಲೆಯಾಡಿಸಿದರು. ಅದರಿಂದ ಇಬ್ಬರಿಗೂ ಏನೂ ಹಗುರವಾಗಲಿಲ್ಲ. ಯಾರ ಮೇಲಾದರೂ ತಪ್ಪು ಹೊರಿಸಲು ಆಗಿದ್ದರೆ ಎಷ್ಟೋ ಸುಲಭವಿತ್ತು. ಮೊದಲಿನ ಡಾಕ್ಟರು ತಮಗೆ ತಿಳಿದದ್ದನ್ನು ಹೇಳಿದರು. ನಾವು ನಮಗೆ ತಿಳಿದಷ್ಟರಲ್ಲಿ ಹೆದರಿದೆವು. ಮಾಮಿ ಮಾತ್ರ ಹೆದರಿರಲಿಲ್ಲ, ಅವರನ್ನು ಹೆದರಿಸಿದ್ದೂ ನಾವೇ.

ಮಾಮಿಗೆ ನಾವು ಹೇಳಲಿಲ್ಲ. ಅದು ಸರಿಯೋ ತಪ್ಪೋ ಗೊತ್ತಿಲ್ಲ. ಹೇಳಿದ್ದರೆ ಅವರು ನಮ್ಮನ್ನು ಬಯ್ಯುತ್ತಿರಲಿಲ್ಲ, ಮೂಲೆಯಲ್ಲಿ ಕೂತು ಆ ಮಗುವಿಗಾಗಿ ಅಳುತ್ತಿದ್ದರು. ಮಗಳು ಹುಟ್ಟಿದ ಮೇಲೆ ಮಾಮಿ ಕಾಲು ಚಾಚಿ ಕೂತು, ಓರೆಯಾದ ಕೈಯಲ್ಲಿ ಹೇಗೋ ಮಗುವಿನ ಕತ್ತು ಹಿಡಿದು, ಇನ್ನೊಂದು ಕೈಯಲ್ಲಿ ನೀರು ಹೊಯ್ಯುತ್ತಿದ್ದರು. ನಾನು ಹತ್ತಿರ ಹೋದರೆ ಬಿಡುತ್ತಿರಲಿಲ್ಲ. ಅವರು ಇನ್ನು ಕೆಲವೇ ವರ್ಷ ಇದ್ದರು.

ಹೆರಿಗೆಗೆ ಸೇರಿದ ದಿನದ ಒಂದು ಮಾತು ಹೇಳುವುದುಂಟು. ಬೇನೆ ಶುರುವಾಗಿತ್ತು, ನಾನು ಗೋಡೆಗೆ ಒರಗಿ ನಿಂತಿದ್ದೆ. ಹೆಸರು ಬರೆದುಕೊಳ್ಳುವ ಹುಡುಗಿ ಇದು ಎಷ್ಟನೆಯದು ಎಂದು ಕೇಳಿದಳು. ಎರಡನೆಯದು ಎಂದೆ. ಮೊದಲಿನದು ಗಂಡೋ ಹೆಣ್ಣೋ ಎಂದು ಅವಳು ಮಾಮೂಲಿನಂತೆ ಕೇಳಿದಳು. ನಾನು ಗೋಡೆಯ ಕಡೆ ಮುಖ ತಿರುಗಿಸಿದೆ. ನನ್ನ ಗಂಡ ಮುಂದೆ ಬಂದು, ಇಲ್ಲ, ಇದೇ ಮೊದಲನೆಯದು ಎಂದು ಬರೆಸಿದರು. ನನ್ನನ್ನು ಆ ಪ್ರಶ್ನೆಯಿಂದ ತಪ್ಪಿಸಲೆಂದೇ ಹೇಳಿದ್ದು, ಅದು ನನಗೆ ಗೊತ್ತು. ಆದರೂ ವಾರ್ಡಿಗೆ ಹೋಗುವ ದಾರಿಯುದ್ದಕ್ಕೂ ನಾನು ಅವರ ಕೈ ಹಿಡಿದುಕೊಳ್ಳಲಿಲ್ಲ.